ಎರಡು ದಿನ ಕಡಿಮೆ: ನಾದಿನಿಯ ಹೆರಿಗೆ ಹಣ 165 ದಿನ ಅಲೆದ ಪ್ರಕರಣ

ನನ್ನ ಬಳಿ ಒಂದು ನೋಟ್‌ಬುಕ್ ಇದೆ. ಮಗನ ಹಳೇ ಗಣಿತದ ಪುಸ್ತಕ. ಹಿಂದಿನ ಖಾಲಿ ಪುಟಗಳಲ್ಲಿ ನಾನು ಬರೆದಿದ್ದೇನೆ. ಮೊದಲ ಸಾಲು: ‘9-1-2023 ಸೋಮವಾರ. ಫಾರಂ ಕೊಟ್ಟರು. ಸೀಲ್ ಇಲ್ಲ.’ ಮೂರು ಪುಟ ಆದ ಮೇಲೆ ಕೆಂಪು ಪೆನ್ನಿನಲ್ಲಿ: ‘23-6-2023 ಶುಕ್ರವಾರ. ಬೆಳಿಗ್ಗೆ 11:20ಕ್ಕೆ ಮೆಸೇಜ್. 56,525 ಬಂತು.’ ನಡುವೆ 165 ದಿನ, 11 ಓಡಾಟ.

ಈ ಪ್ರಕರಣ ನನ್ನ ನಾದಿನಿಯದು. ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ನಾನು ಟ್ರಾನ್ಸ್‌ಪೋರ್ಟ್ ಆಫೀಸೊಂದರಲ್ಲಿ ಲೆಕ್ಕ ಬರೆಯುವವಳು. ಪಿಎಫ್, ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಚಲನ್ ಕಟ್ಟುವುದು ನನಗೆ ಗೊತ್ತು. ಕಟ್ಟಿದ ದುಡ್ಡು ವಾಪಸ್ ಕೈಗೆ ಬರುವ ದಾರಿ ಮಾತ್ರ ಗೊತ್ತಿರಲಿಲ್ಲ. ಫ್ಯಾಕ್ಟರಿ, ಆಫೀಸು, ಆಸ್ಪತ್ರೆಗಳ ಹೆಸರು ಇಲ್ಲಿ ಬೇಡ. ಅವಳು ಇನ್ನೂ ಅಲ್ಲೇ ಕೆಲಸ ಮಾಡುತ್ತಿದ್ದಾಳೆ.

ಮೊದಲು ಆಟದ ನಿಯಮ ಹೇಳಿಬಿಡುತ್ತೇನೆ. ಆಗ ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇದ್ದವರು ಇಎಸ್‌ಐ ವ್ಯಾಪ್ತಿಗೆ ಬರುತ್ತಿದ್ದರು. ಸಂಬಳದಲ್ಲಿ ಶೇಕಡಾ 0.75 ನಮ್ಮದು ಮುರಿದುಕೊಳ್ಳುತ್ತಾರೆ, ಮಾಲೀಕರು 3.25 ಸೇರಿಸುತ್ತಾರೆ. ನಾದಿನಿಗೆ ತಿಂಗಳಿಗೆ ಎಂಬತ್ತು ಚಿಲ್ಲರೆ ರೂಪಾಯಿ ಹೋಗುತ್ತಿತ್ತು. ಅದಕ್ಕೆ ಬದಲಾಗಿ ಹೆರಿಗೆಗೆ 26 ವಾರ, ಅಂದರೆ 182 ದಿನ, ಸರಾಸರಿ ದಿನಗೂಲಿ ಪೂರ್ತಿ ಸಿಗಬೇಕು. 12 ವಾರ ಇದ್ದದ್ದು 26 ಆದದ್ದು 2017ರಲ್ಲಿ. ಈ ರಜೆಯ ದುಡ್ಡನ್ನು ಫ್ಯಾಕ್ಟರಿ ಕೊಡುವುದಿಲ್ಲ, ಇಎಸ್‌ಐನವರು ನೇರ ಬ್ಯಾಂಕಿಗೆ ಹಾಕುತ್ತಾರೆ. ಗಾರ್ಮೆಂಟ್ಸ್‌ನ ಎಷ್ಟೋ ಹೆಣ್ಣುಮಕ್ಕಳಿಗೆ ಇದೇ ಗೊತ್ತಿಲ್ಲ. ಎಚ್‌ಆರ್ ಹತ್ತಿರ ಹೋಗಿ ‘ರಜೆ ಸಂಬಳ ಕೊಡಿ ಸರ್’ ಎಂದು ಕೇಳುತ್ತಾರೆ. ಅವರು ‘ನಮ್ಮಲ್ಲಿ ಇಲ್ಲಮ್ಮ’ ಅನ್ನುತ್ತಾರೆ. ಆ ಮಾತು ಸುಳ್ಳೂ ಅಲ್ಲ. ಅಲ್ಲಿಗೆ ಮಾತು ಮುಗಿಯುತ್ತದೆ.

ಒಂದು ಷರತ್ತು ಇದೆ. ವರ್ಷವನ್ನು ಇಎಸ್‌ಐ ಎರಡು ವಂತಿಗೆ ಅವಧಿಯಾಗಿ ಕತ್ತರಿಸಿದೆ. ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು. ಮೊದಲ ಅವಧಿಯಲ್ಲಿ ಕಟ್ಟಿದ್ದರ ಫಲ ಮುಂದಿನ ಜನವರಿಯಿಂದ ಜೂನ್‌ವರೆಗೆ, ಎರಡನೆಯದರ ಫಲ ಜುಲೈನಿಂದ ಡಿಸೆಂಬರ್‌ವರೆಗೆ. ಹೆರಿಗೆ ಯಾವ ಅವಧಿಯಲ್ಲಿ ಬೀಳುತ್ತದೋ ಅದಕ್ಕಿಂತ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನದ ವಂತಿಗೆ ಇರಬೇಕು. ನಾದಿನಿಗೆ ಡಾಕ್ಟರ್ ಕೊಟ್ಟ ತಾರೀಖು 2023ರ ಫೆಬ್ರವರಿ 20. ಹಾಗಾಗಿ ನೋಡಬೇಕಾದದ್ದು 2021ರ ಅಕ್ಟೋಬರ್‌ನಿಂದ 2022ರ ಸೆಪ್ಟೆಂಬರ್‌ವರೆಗಿನ ಒಂದು ವರ್ಷ. ಆ ವರ್ಷ ಪೂರ್ತಿ ಅವಳು ಮೆಷಿನ್ ಮುಂದೆ ಕೂತಿದ್ದಳು. 70 ದಿನ ಅಂದರೆ ನಗು ಬರುವ ಲೆಕ್ಕ.

ಆದರೂ ಅವಳಿಗೆ ಬಂದ ಉತ್ತರ, ‘ಎಲಿಜಿಬಲ್ ಇಲ್ಲ.’

ಜನವರಿ, ಫೆಬ್ರವರಿ

ಶುರುವಿನಲ್ಲಿ ಎಲ್ಲ ಸರಿಯಾಗೇ ಇತ್ತು. ನವೆಂಬರ್‌ನಲ್ಲಿ ಇಎಸ್‌ಐ ಡಿಸ್ಪೆನ್ಸರಿಗೆ ಹೋಗಿ ಗರ್ಭಿಣಿ ಎಂಬ ಸರ್ಟಿಫಿಕೇಟ್ ತಂದಳು, ಡಿಸೆಂಬರ್‌ನಲ್ಲಿ ಹೆರಿಗೆಯ ತಾರೀಖು ಬರೆದದ್ದು. ನಮೂನೆ 17, ನಮೂನೆ 18. ದುಡ್ಡು ಕೇಳುವ ಅರ್ಜಿ ನಮೂನೆ 19. ಜನವರಿ 2ರಿಂದ ರಜೆ ಹಾಕಿದಳು. ಹೆರಿಗೆ ತಾರೀಖಿಗಿಂತ 8 ವಾರ ಮೊದಲಿನಿಂದ ರಜೆ ತೆಗೆದುಕೊಳ್ಳಬಹುದು, ಅವಳು 7 ವಾರ ಮೊದಲು ತೆಗೆದುಕೊಂಡಳು. ಜನವರಿ 9ಕ್ಕೆ ಗಂಡನ ಜೊತೆ ಶಾಖಾ ಕಚೇರಿಗೆ ಹೋಗಿ ಫಾರಂ ಕೊಟ್ಟು ಬಂದಳು.

‘ರಸೀದಿ ಕೊಟ್ರಾ?’ ಎಂದು ಮಾರ್ಚ್‌ನಲ್ಲಿ ಕೇಳಿದೆ.

‘ತಗೊಂಡ್ರಲ್ಲ ಅತ್ತಿಗೆ, ಅಷ್ಟೆ. ಆ ಟ್ರೇನಲ್ಲಿ ಇಟ್ರು.’

ಅಷ್ಟರಲ್ಲಿ ಆನ್‌ಲೈನ್ ದಾರಿಯೂ ಶುರುವಾಗಿತ್ತು. 2022ರ ಕೊನೆಯಲ್ಲಿ ಹೆರಿಗೆ ಹಣವನ್ನು ಪೋರ್ಟಲ್‌ನಲ್ಲೇ ಕೇಳಬಹುದು ಎಂದು ಬಂತು. ಪ್ರಯತ್ನ ಮಾಡಿದ್ದರು. ಒಟಿಪಿ ಬರಲೇ ಇಲ್ಲ. ಯಾಕೆ ಎಂದು ಆಮೇಲೆ ಗೊತ್ತಾಯಿತು: ಅವಳ ಇಎಸ್‌ಐ ಖಾತೆಯಲ್ಲಿ ಇದ್ದದ್ದು ಅವಳ ಮೊಬೈಲ್ ನಂಬರ್ ಅಲ್ಲ. ಕೆಲಸಕ್ಕೆ ಸೇರಿದ ದಿನ ಅವಳ ಫೋನ್ ಗೇಟ್‌ನಲ್ಲಿ ಇಸಿದುಕೊಂಡಿದ್ದರು. ನಂಬರ್ ಬಾಯಿಪಾಠ ಬರುತ್ತಿರಲಿಲ್ಲ. ಟೈಮ್ ಆಫೀಸಿನ ಹುಡುಗ ಯಾವುದೋ ಒಂದು ನಂಬರ್ ಹೊಡೆದಿದ್ದಾನೆ.

ಫೆಬ್ರವರಿ ಮೊದಲ ವಾರ ಅವಳು ತವರಿಗೆ ಹೋದಳು. ತವರು ಅಂದರೆ ನಮ್ಮ ಅತ್ತೆ ಮನೆ, ತುಮಕೂರು ಜಿಲ್ಲೆಯ ಒಂದು ಹಳ್ಳಿ. ಮೊದಲ ಬಾಣಂತನ ತವರಲ್ಲೇ ಆಗಬೇಕು, ಅದನ್ನು ಪ್ರಶ್ನೆ ಮಾಡುವವರು ನಮ್ಮಲ್ಲಿ ಯಾರೂ ಇಲ್ಲ. ಫೆಬ್ರವರಿ 13ರಂದು, ಒಂದು ವಾರ ಮೊದಲೇ, ತಾಲೂಕು ಕೇಂದ್ರದ ಸರ್ಕಾರಿ ಆಸ್ಪತ್ರೆಯಲ್ಲಿ ಹೆಣ್ಣು ಮಗು ಆಯಿತು. ತಾಯಿ ಕಾರ್ಡ್ ಇತ್ತು, ಆಶಾ ಕಾರ್ಯಕರ್ತೆ ಜೊತೆಗೇ ಇದ್ದರು, ಖರ್ಚು ಏನೂ ಬರಲಿಲ್ಲ. ಅದು ಇಎಸ್‌ಐ ಆಸ್ಪತ್ರೆ ಅಲ್ಲ ಎನ್ನುವುದು ಆ ಹೊತ್ತಿನಲ್ಲಿ ಯಾರಿಗೆ ನೆನಪಾಗುತ್ತದೆ?

ಫೆಬ್ರವರಿ 27ಕ್ಕೆ ನಾದಿನಿಯ ಗಂಡ ಅರ್ಧ ದಿನ ಕೆಲಸ ಬಿಟ್ಟು ಕೌಂಟರ್‌ಗೆ ಹೋದ. ‘ಎಲಿಜಿಬಲ್ ಇಲ್ಲ’ ಎಂದರು. ಯಾಕೆ ಎಂದು ಇವನು ಕೇಳಲಿಲ್ಲ, ಅವರು ಹೇಳಲಿಲ್ಲ. ಮನೆಗೆ ಬಂದು ‘ದುಡ್ಡು ಬರಲ್ವಂತೆ’ ಎಂದು ಊರಿಗೆ ಫೋನ್ ಮಾಡಿದ. ಎರಡು ತಿಂಗಳಿಂದ ಅವಳ ಸಂಬಳ ಇಲ್ಲ, ಬಾಡಿಗೆ ಕಟ್ಟಬೇಕು, ಸಂಘದ ಕಂತು ವಾರ ವಾರ. ಅವಳ ಓಲೆ ಅಷ್ಟೊತ್ತಿಗಾಗಲೇ ಗಿರವಿಗೆ ಹೋಗಿತ್ತು. ನನಗೆ ಅದು ಗೊತ್ತಾದದ್ದು ಮಗು ನೋಡಲು ಹೋದಾಗ. ಬಾಣಂತಿಯ ಕಿವಿಯಲ್ಲಿ ಬೇವಿನ ಕಡ್ಡಿ.

68

ಮಾರ್ಚ್ 15ಕ್ಕೆ ನಾನೇ ಹೋದೆ. ನೋಟ್‌ಬುಕ್ ಶುರುವಾದದ್ದು ಅಂದಿನಿಂದ. ಮೊದಲ ಎರಡು ಸಾಲು ಅವರ ನೆನಪಿನಿಂದ ಬರೆದದ್ದು.

ಕೌಂಟರ್‌ನಲ್ಲಿ ಇದ್ದದ್ದು ಒಬ್ಬ ಚಿಕ್ಕ ವಯಸ್ಸಿನ ಹುಡುಗ. ಒಳ್ಳೆಯವನೇ. ‘ಮೇಡಂ, ಸಿಸ್ಟಮ್ ತಗೋತಿಲ್ಲ’ ಎಂದ. ‘ಯಾಕೆ ತಗೋತಿಲ್ಲ ಅಂತ ಸ್ಕ್ರೀನ್ ತೋರಿಸ್ತೀರಾ?’ ಎಂದೆ. ಸ್ವಲ್ಪ ಹಿಂದೆ ಮುಂದೆ ನೋಡಿ ಮಾನಿಟರ್ ನನ್ನ ಕಡೆ ತಿರುಗಿಸಿದ. ಅವಳ ಹೆಸರಿನ ಮುಂದೆ ತಿಂಗಳುವಾರು ದಿನಗಳು ಇದ್ದವು. 2022ರ ಜುಲೈ, ಆಗಸ್ಟ್, ಸೆಪ್ಟೆಂಬರ್. ಒಟ್ಟು 68. ಅದಕ್ಕಿಂತ ಹಿಂದೆ ಖಾಲಿ.

ಬೇಕಿದ್ದದ್ದು 70.

ಎರಡು ದಿನ! ಅದೂ ಅಲ್ಲದೆ ಅವಳು 2022ರ ಜುಲೈ 1ಕ್ಕೆ ಹೊಸದಾಗಿ ಇಎಸ್‌ಐಗೆ ಸೇರಿದವಳು ಎಂದು ಅದರಲ್ಲಿತ್ತು. ಮೊದಲ ಸಲ ಸೇರುವವರಿಗೆ 9 ತಿಂಗಳು ಕಳೆದ ಮೇಲೆ ಸೌಲಭ್ಯ ಶುರು. ಲೆಕ್ಕ ಹಾಕಿದರೆ 2023ರ ಏಪ್ರಿಲ್ 1. ಹೆರಿಗೆ ಫೆಬ್ರವರಿಯಲ್ಲಿ. ಆ ಸ್ಕ್ರೀನ್ ನಂಬಿದರೆ ಕೌಂಟರ್ ಹುಡುಗ ಹೇಳಿದ್ದು ನೂರಕ್ಕೆ ನೂರು ಸರಿ.

ಆದರೆ ಅವಳು ಹೊಸಬಳಲ್ಲ. ಜುಲೈಗೆ ಮುಂಚೆ ಇನ್ನೊಂದು ಗಾರ್ಮೆಂಟ್ಸ್‌ನಲ್ಲಿ ಎರಡು ವರ್ಷಕ್ಕೆ ಹತ್ತಿರ ದುಡಿದಿದ್ದಳು, ಅಲ್ಲೂ ಇಎಸ್‌ಐ ಮುರಿಯುತ್ತಿದ್ದರು. ಆ ದಿನಗಳು ಎಲ್ಲಿ ಹೋದವು?

ಅವಳನ್ನೇ ಕೇಳಿದೆ. ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ‘ಅತ್ತಿಗೆ, ಬೈಬೇಡಿ. ಹಳೇ ಫ್ಯಾಕ್ಟರಿ ಅಂದ್ರೆ ರಿಲೀವಿಂಗ್ ಲೆಟರ್ ಕೇಳ್ತಾರೆ ಅಂತ, ನಾನು ಎಲ್ಲೂ ಕೆಲಸ ಮಾಡಿಲ್ಲ, ಮನೇಲೇ ಹೊಲಿತಿದ್ದೆ ಅಂದ್ಬಿಟ್ಟೆ.’ ನೋಟಿಸ್ ಕೊಡದೆ ಬಿಟ್ಟು ಬಂದಿದ್ದಳು. ಗಾರ್ಮೆಂಟ್ಸ್‌ನಲ್ಲಿ ಇದು ದಿನಾ ನಡೆಯುವ ಮಾತು. ಐನೂರು ರೂಪಾಯಿ ಜಾಸ್ತಿ ಕೊಡುತ್ತಾರೆ ಎಂದರೆ ಬ್ಯಾಚ್‌ಗೆ ಬ್ಯಾಚೇ ಪಕ್ಕದ ಫ್ಯಾಕ್ಟರಿಗೆ ಹೋಗುತ್ತದೆ. ಎಲ್ಲರೂ ಅಲ್ಲಿ ‘ಹೊಸಬರು’.

ಪಿಎಫ್‌ನಲ್ಲಿ ಆ ಸುಳ್ಳು ಒಂದು ನಿಮಿಷವೂ ನಿಲ್ಲಲಿಲ್ಲ. ಆಧಾರ್ ಹೊಡೆದ ತಕ್ಷಣ ಹಳೇ ಯುಎಎನ್, ಅಂದರೆ ಪಿಎಫ್ ನಂಬರ್, ಬಂದಿತ್ತು, ಟೈಮ್ ಆಫೀಸಿನವನು ಅದನ್ನೇ ಮುಂದುವರಿಸಿದ್ದ. ಇಎಸ್‌ಐನಲ್ಲಿ ಮಾತ್ರ ಹಳೇದು ಬರಲಿಲ್ಲ. ಹಳೇ ನಂಬರ್ ಮದುವೆಗೆ ಮುಂಚಿನದು, ಅಪ್ಪನ ಹೆಸರಿನ ಜೊತೆ ಇತ್ತು. ಅವಳ ಹೆಸರಿನ ಕೊನೆಗೆ ಆಧಾರ್‌ನಲ್ಲಿ ‘ಮ್ಮ’ ಇದೆ, ಅಲ್ಲಿ ಇರಲಿಲ್ಲ. ಹೊಸ ನಂಬರ್ ಹುಟ್ಟಿಸುವುದು ಹತ್ತು ನಿಮಿಷದ ಕೆಲಸ. ಹಳೇದನ್ನು ಹುಡುಕುವುದು ಯಾರ ಕೆಲಸವೂ ಅಲ್ಲ. ಹಾಗೆ ಒಬ್ಬ ಹೆಂಗಸು ಎರಡು ಹೆಂಗಸಾದಳು. ಒಬ್ಬಳು ಜೂನ್ 30ಕ್ಕೆ ಮಾಯ, ಇನ್ನೊಬ್ಬಳು ಜುಲೈ 1ಕ್ಕೆ ಪ್ರತ್ಯಕ್ಷ.

ತಪ್ಪು ಯಾರದು ಎಂದು ನಮ್ಮ ಮನೆಯಲ್ಲಿ ಸಾಕಷ್ಟು ಜಗಳ ಆಗಿದೆ. ನನ್ನ ಗಂಡ ಫ್ಯಾಕ್ಟರಿಯನ್ನು ಬೈಯುತ್ತಾರೆ, ಅವಳ ಗಂಡ ಆಫೀಸನ್ನು. ನಾನು ಅವಳಿಗೂ ಒಂದು ಪಾಲು ಕೊಡುತ್ತೇನೆ. ಆದರೆ ಕೆಲಸ ಸಿಗಲಿ ಎಂದು ಹೇಳಿದ ಒಂದು ಸಣ್ಣ ಸುಳ್ಳಿಗೆ ಆರು ತಿಂಗಳ ಕೂಲಿ ದಂಡ ಎಂದರೆ ಅದು ಜಾಸ್ತಿ ಆಯಿತು, ಅಲ್ವಾ?

ಹಳೇ ನಂಬರ್ ಸಿಕ್ಕಿದ ಬಗೆ

ಮಾರ್ಚ್ 19, ಭಾನುವಾರ. ಯುಗಾದಿಗೆ ಮೂರು ದಿನ ಮೊದಲು ಊರಿಗೆ ಹೋದೆ. ಅವಳ ಮದುವೆಗೆ ಮುಂಚಿನ ಸಾಮಾನು ಅಟ್ಟದ ಮೇಲೆ ಒಂದು ಟ್ರಂಕ್‌ನಲ್ಲಿತ್ತು. ಸುಣ್ಣ ಬಳಿಯಲು ಹೇಗೂ ಕೆಳಗಿಳಿಸಿದ್ದರು. ಹಳೇ ಸೀರೆ, ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡ್, ಒಂದು ಪ್ಲಾಸ್ಟಿಕ್ ಕವರ್. ಕವರ್‌ನಲ್ಲಿ ಎರಡು ಬೆರಳಗಲದ ಸಂಬಳದ ಚೀಟಿಗಳು. ಇಂಕ್ ಅರ್ಧ ಹಾರಿಹೋಗಿತ್ತು. 2022ರ ಮೇ ತಿಂಗಳ ಚೀಟಿಯಲ್ಲಿ ಮಾತ್ರ ಹತ್ತು ಅಂಕಿಯ ಇಎಸ್‌ಐ ನಂಬರ್ ಸರಿಯಾಗಿ ಕಾಣುತ್ತಿತ್ತು. ಬಾಗಿಲ ಬೆಳಕಿಗೆ ಹಿಡಿದು ಮೂರು ಸಲ ಓದಿ ಬರೆದುಕೊಂಡೆ. ಅತ್ತೆ ಕೇಳಿದರು, ‘ಏನಮ್ಮ, ಲಾಟರಿ ಚೀಟಿನಾ?’

ಆ ನಂಬರ್ ಹಿಡಿದು ಮಾರ್ಚ್ 23ಕ್ಕೆ ಹೋದೆ. ಅದೇ ಹುಡುಗ ಹೊಡೆದು ನೋಡಿದ. 2021ರ ಅಕ್ಟೋಬರ್‌ನಿಂದ 2022ರ ಜೂನ್‌ವರೆಗೆ ಎಲ್ಲ ತಿಂಗಳೂ ಇತ್ತು. ಏಪ್ರಿಲ್, ಮೇ, ಜೂನ್ ಮೂರು ತಿಂಗಳಲ್ಲೇ 72 ದಿನ. ‘ಮೇಡಂ ಇದು ಬೇರೆ ಹೆಸರು, ಬೇರೆ ಇಎಸ್‌ಐ ನಂಬರ್. ಎರಡೂ ಸೇರಿಸಬೇಕು. ಈಗಿನ ಕಂಪನಿಯಿಂದ ಲೆಟರ್ ತನ್ನಿ’ ಎಂದ.

‘ಬೇರೆ ಏನೇನು ಬೇಕು?’

‘ಸದ್ಯಕ್ಕೆ ಇಷ್ಟು ತನ್ನಿ, ಆಮೇಲೆ ನೋಡೋಣ.’

ಈ ‘ಸದ್ಯಕ್ಕೆ ಇಷ್ಟು’ ಎನ್ನುವ ಮಾತಿಗೇ ನಮ್ಮ ಒಂದು ತಿಂಗಳು ಹೋಯಿತು. ಫ್ಯಾಕ್ಟರಿಯ ಲೆಟರ್‌ಗೆ ಎರಡು ವಾರ, ಏಪ್ರಿಲ್ 6ಕ್ಕೆ ಕೈಗೆ ಸಿಕ್ಕಿತು. ನಡುವೆ ಅಲ್ಲಿನ ಎಚ್‌ಆರ್ ಒಂದು ಬುದ್ಧಿ ಹೇಳಿದರು: ‘ಇಷ್ಟೆಲ್ಲ ಯಾಕೆ ತಲೆನೋವು? ರಾಜೀನಾಮೆ ಬರೆದುಕೊಟ್ಟು ಪಿಎಫ್ ತೆಗೆದುಕೊಳ್ಳಲಿ, ಆರು ತಿಂಗಳು ಬಿಟ್ಟು ಮತ್ತೆ ಸೇರಿಕೊಳ್ಳಲಿ.’ ಕೇಳಲು ಉಪಕಾರದ ಹಾಗೇ ಇತ್ತು. ಹೆರಿಗೆ ಸೌಲಭ್ಯ ಪಡೆಯುತ್ತಿರುವ ಅವಧಿಯಲ್ಲಿ ಕೆಲಸದಿಂದ ತೆಗೆಯಬಾರದು ಎಂದು ಆಗಿನ ಇಎಸ್‌ಐ ಕಾಯ್ದೆಯ 73ನೇ ಕಲಂ ಹೇಳುತ್ತಿತ್ತು. ತಾನೇ ಬಿಟ್ಟು ಹೋಗುತ್ತೇನೆ ಎಂದವಳಿಗೆ ಆ ರಕ್ಷಣೆ ಎಲ್ಲಿಂದ ಬರಬೇಕು? ಜೊತೆಗೆ ಅವಳ ಸರ್ವಿಸ್ ಮುರಿಯುತ್ತದೆ, ಗ್ರಾಚ್ಯುಟಿ ವರ್ಷ ಮತ್ತೆ ಒಂದರಿಂದ ಶುರು. ಅವಳು ಸಹಿ ಹಾಕಲು ತಯಾರಿದ್ದಳು. ನಾನು ಬಿಡಲಿಲ್ಲ.

ಲೆಟರ್ ಕೊಟ್ಟರೆ ‘ಹೆಸರು ಬೇರೆ ಇದೆ, ಅಫಿಡವಿಟ್ ಬೇಕು’. ಎರಡೂ ಹೆಸರು ಒಬ್ಬಳದೇ ಎಂದು ಛಾಪಾ ಕಾಗದದಲ್ಲಿ ಟೈಪ್ ಮಾಡಿಸಿ, ಬಾಣಂತಿಯನ್ನು ಊರಿಂದ ಕಾರಿನಲ್ಲಿ ಕರೆತಂದು, ನೋಟರಿ ಮುಂದೆ ಸಹಿ ಹಾಕಿಸಿದೆವು. ಆ ದಿನದ ಕಾರಿನ ಬಾಡಿಗೆಯೇ ಈ ಪ್ರಕರಣದ ದೊಡ್ಡ ಖರ್ಚು. ಅಫಿಡವಿಟ್ ಜೊತೆಗೆ ನಾನೇ ಇನ್ನೊಂದು ಕಾಗದ ಇಟ್ಟೆ: ಅವಳ ಪಿಎಫ್ ಪಾಸ್‌ಬುಕ್‌ನ ಪ್ರಿಂಟ್. ಒಂದೇ ಯುಎಎನ್ ಕೆಳಗೆ ಎರಡೂ ಫ್ಯಾಕ್ಟರಿ, ಜೂನ್‌ಗೆ ಒಂದು ಮುಗಿದು ಜುಲೈಗೆ ಇನ್ನೊಂದು ಶುರು. ಅಫಿಡವಿಟ್‌ನಲ್ಲಿ ನಾವು ಏನು ಬೇಕಾದರೂ ಬರೆಯಬಹುದು. ಪಿಎಫ್ ಪಾಸ್‌ಬುಕ್ ನಾವು ಬರೆದದ್ದಲ್ಲ. ಒಳಗಿನ ಅಧಿಕಾರಿ ಅಫಿಡವಿಟ್‌ನ ಮೊದಲ ಪುಟವನ್ನಷ್ಟೇ ತಿರುವಿ ಹಾಕಿ, ಪಾಸ್‌ಬುಕ್ ಪ್ರಿಂಟನ್ನು ಮಾತ್ರ ಕನ್ನಡಕ ಏರಿಸಿ ನೋಡಿದರು. ಕೆಂಪು ಪೆನ್ನಿನಿಂದ ಎರಡು ತಾರೀಖಿಗೆ ಗೆರೆ ಎಳೆದರು. ಅಂದು ಏಪ್ರಿಲ್ 17. ಈ ಸಲ ನನ್ನ ಝೆರಾಕ್ಸ್ ಮೇಲೆ ಸೀಲ್ ಹಾಕಿಸಿಕೊಂಡೆ. ‘ಸೀಲ್ ಯಾಕೆ, ನಾವು ಇಲ್ವಾ?’ ಎಂದರು. ‘ಇದ್ದೀರ ಸರ್, ನನ್ನ ಗಂಡ ನಂಬಲ್ಲ’ ಎಂದೆ. ನಕ್ಕು ಹಾಕಿಕೊಟ್ಟರು.

ಏಪ್ರಿಲ್ 24ಕ್ಕೆ ಹೋದರೆ ಹೊಸ ರಾಗ. ‘ಹೆರಿಗೆ ಆದದ್ದಕ್ಕೆ ಸರ್ಟಿಫಿಕೇಟ್ ಎಲ್ಲಿ?’

14 ದಿನ ಯಾವಾಗಿನಿಂದ?

ಅಂದು ಬಸ್ಸಿನಲ್ಲಿ ವಾಪಸ್ ಬರುವಾಗ ನಿಜಕ್ಕೂ ಅಳು ಬಂತು. ಸಿಟ್ಟಿನ ಅಳು. ಮನೆಗೆ ಬಂದು ಇಎಸ್‌ಐ ರೆಗ್ಯುಲೇಷನ್ ಪೂರ್ತಿ ಡೌನ್‌ಲೋಡ್ ಮಾಡಿಕೊಂಡೆ. ಹೆರಿಗೆ ಹಣದ ಮೊದಲ ಕಂತು 14 ದಿನದೊಳಗೆ ಕೊಡಬೇಕು ಎಂದು ಅದರಲ್ಲಿ ಸ್ಪಷ್ಟವಾಗಿ ಇದೆ. ಅರೆ, ನಮಗೆ ನೂರು ದಿನ ಕಳೆದಿದೆಯಲ್ಲ! ಮತ್ತೆ ಓದಿದೆ. 14 ದಿನ ಯಾವಾಗಿನಿಂದ? ಅರ್ಜಿ ಕೊಟ್ಟ ದಿನದಿಂದ ಅಲ್ಲ. ಅರ್ಜಿ, ಸರ್ಟಿಫಿಕೇಟ್, ಬೇರೆ ದಾಖಲೆ ಎಲ್ಲವೂ ಎಲ್ಲ ವಿವರಗಳಲ್ಲೂ ಪೂರ್ತಿಯಾದ ಮೇಲೆ.

ಗಂಟು ಇರುವುದು ಇಲ್ಲಿ. ಕಾಗದ ಪೂರ್ತಿ ಆಗುವವರೆಗೆ ಗಡಿಯಾರವೇ ಓಡುವುದಿಲ್ಲ. ಏನು ಕಡಿಮೆ ಇದೆ ಎಂದು ಒಟ್ಟಿಗೆ ಬರೆದು ಕೊಡುವವರೂ ಇಲ್ಲ. ಒಂದೊಂದೇ ಬಾಯಲ್ಲಿ ಹೇಳುತ್ತಾರೆ. ಒಂದು ತಂದರೆ ಇನ್ನೊಂದು. ಯಾರೂ ತಡ ಮಾಡಿದ ಹಾಗೆ ಆಗುವುದಿಲ್ಲ, ದಾಖಲೆಯಲ್ಲಿ ನಾವೇ ತಡ ಮಾಡಿದವರು. ಕೌಂಟರ್ ಹುಡುಗನಿಗೆ ಲಂಚದ ಆಸೆ ಇರಲಿಲ್ಲ, ಈ ಇಡೀ ಓಡಾಟದಲ್ಲಿ ಯಾರೂ ಒಂದು ರೂಪಾಯಿ ಕೇಳಲಿಲ್ಲ. ಅವನ ಮುಂದೆ ದಿನಾ ಐವತ್ತು ಜನ. ಒಂದು ಕೊರತೆ ಕಂಡರೆ ಫೈಲ್ ಮುಚ್ಚಿ ಮುಂದಿನವರನ್ನು ಕರೆಯುತ್ತಾನೆ. ಎರಡನೇ ಕೊರತೆ ಹುಡುಕಲು ಅವನಿಗೆ ಪುರುಸೊತ್ತಿಲ್ಲ.

ಹಾಗಾದರೆ ಬರೆದು ಕೊಡುವ ಹಾಗೆ ಮಾಡಬೇಕು. ಏಪ್ರಿಲ್ 25ಕ್ಕೆ ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್‌ನಲ್ಲಿ ದೂರು ಹಾಕಿದೆ. 1800-11-2526 ಸಹಾಯವಾಣಿಗೆ ಅದಕ್ಕೆ ಮೊದಲೇ ಎರಡು ಸಲ ಫೋನ್ ಮಾಡಿದ್ದೆ. ಸಭ್ಯವಾಗಿ ಮಾತಾಡಿ ‘ಶಾಖೆಯಲ್ಲಿ ವಿಚಾರಿಸಿ’ ಎಂದಿದ್ದರು. ಪ್ರತಿ ತಿಂಗಳು ಸುವಿಧಾ ಸಮಾಗಮ ಎಂದು ಅಹವಾಲು ಕೇಳುವ ಸಭೆಯೂ ಇರುತ್ತದೆ. ಅದರ ದಿನ ನನಗೆ ಆಫೀಸ್ ರಜೆ ಸಿಗಲಿಲ್ಲ. ದೂರಿನಲ್ಲಿ ‘ನಮಗೆ ಅನ್ಯಾಯ ಆಗಿದೆ’ ಎಂದು ಬರೆಯಲಿಲ್ಲ. ಮೊದಲು ಹಾಗೇ ಒಂದು ಪುಟ ಬರೆದಿದ್ದೆ, ಹರಿದು ಹಾಕಿದೆ. ಕೊನೆಗೆ ಕಳಿಸಿದ್ದು ಇಷ್ಟೇ: ಅರ್ಜಿ ಕೊಟ್ಟ ತಾರೀಖು, ಎರಡು ನಂಬರ್, ಈವರೆಗೆ ಕೊಟ್ಟ ಕಾಗದಗಳು ತಾರೀಖಿನ ಸಮೇತ, ‘ಇನ್ನು ಯಾವ ಯಾವ ದಾಖಲೆ ಬಾಕಿ ಇದೆ ಎಂದು ಒಮ್ಮೆಲೇ ಲಿಖಿತವಾಗಿ ತಿಳಿಸಬೇಕು’ ಎಂಬ ಒಂದು ಕೋರಿಕೆ. ನೋಟ್‌ಬುಕ್ ಇದ್ದದ್ದಕ್ಕೆ ತಾರೀಖೆಲ್ಲ ಕೂತಲ್ಲೇ ಸಿಕ್ಕಿತು.

ಮೇ 5ಕ್ಕೆ ಉತ್ತರ ಬಂತು. ಒಂದೇ ಪುಟ. ಎರಡು ನಂಬರ್ ಸೇರಿಸುವ ಕೆಲಸ ನಡೆದಿದೆ, ಬಾಕಿ ಇರುವುದು ಹೆರಿಗೆಯ ದಾಖಲೆ ಮತ್ತು ಕಂಪನಿಯಿಂದ ಗೈರುಹಾಜರಿ ದೃಢೀಕರಣ. ಎರಡೇ. ನಾಲ್ಕು ತಿಂಗಳಲ್ಲಿ ಮೊದಲ ಸಲ ಒಂದು ಪಟ್ಟಿಗೆ ಕೊನೆ ಇದೆ ಎಂದು ಗೊತ್ತಾಯಿತು.

ಹೆರಿಗೆಯ ದಾಖಲೆ ಕಷ್ಟ ಆಗಲಿಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್, ತಾಯಿ ಕಾರ್ಡ್, ಮಗುವಿನ ಜನನ ಪ್ರಮಾಣಪತ್ರ ಮೂರನ್ನೂ ಡಿಸ್ಪೆನ್ಸರಿ ಡಾಕ್ಟರ್ ಮುಂದೆ ಇಟ್ಟೆವು. ನವೆಂಬರ್‌ನಲ್ಲಿ ಇವಳನ್ನು ನೋಡಿದ್ದವರೇ ಅವರು. ಮಗುವನ್ನು ನೋಡಿ, ತೂಕ ಕೇಳಿ, ಸರ್ಟಿಫಿಕೇಟ್ ಬರೆದುಕೊಟ್ಟರು. ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ‘ಮ್ಮ’ ಸಮೇತ ಆಧಾರ್ ಹಾಗೇ ಇತ್ತು. ಆಶಾ ಕಾರ್ಯಕರ್ತೆಗೆ ಮನಸ್ಸಲ್ಲೇ ಕೈ ಮುಗಿದೆ. ಆಸ್ಪತ್ರೆಯಲ್ಲಿ ಹೆಸರು ಬರೆಸುವಾಗ ಆಧಾರ್ ಕಾರ್ಡ್ ಮುಂದೆ ಹಿಡಿದಿದ್ದು ಅವರೇ.

ಹೆಬ್ಬೆಟ್ಟು

ಗೈರುಹಾಜರಿ ದೃಢೀಕರಣ ಅಂದರೆ, ಇವಳು ಈ ದಿನದಿಂದ ಕೆಲಸಕ್ಕೆ ಬಂದಿಲ್ಲ, ಸಂಬಳ ಕೊಟ್ಟಿಲ್ಲ ಎಂದು ಕಂಪನಿ ಬರೆದುಕೊಡುವುದು. ಕೆಲಸ ಮಾಡಿದ ದಿನಕ್ಕೆ ಹೆರಿಗೆ ಹಣ ಇಲ್ಲ, ಅದು ನ್ಯಾಯವೇ. ಫ್ಯಾಕ್ಟರಿಯವರು ಈ ಸಲ ಮೂರೇ ದಿನದಲ್ಲಿ ಕಳಿಸಿದರು. ಅದರಲ್ಲಿ ಹೀಗಿತ್ತು: 2-1-2023ರಿಂದ ಗೈರು, 5-1-2023 ಹೊರತುಪಡಿಸಿ.

ಜನವರಿ 5? ನಾದಿನಿಯನ್ನು ಕೇಳಿದರೆ ತಲೆ ಮೇಲೆ ಕೈ ಹೊತ್ತಳು. ಅಂದು ರಜೆ ಅರ್ಜಿಯ ಕಾಪಿ ತರಲು ಫ್ಯಾಕ್ಟರಿಗೆ ಹೋಗಿದ್ದಳು. ಗೇಟ್ ಒಳಗೆ ಹೋದ ತಕ್ಷಣ ಅಭ್ಯಾಸಬಲ, ಮೆಷಿನ್ ಮೇಲೆ ಹೆಬ್ಬೆಟ್ಟು ಒತ್ತಿದ್ದಾಳೆ. ಹೊರಗೆ ಬರುವಾಗಲೂ ಒತ್ತಿದ್ದಾಳೆ. ಇದ್ದದ್ದು 40 ನಿಮಿಷ. ಮೆಷಿನ್ ಪಾಲಿಗೆ ಅವಳು ಹಾಜರು. ಆ ದಿನದ ಸಂಬಳ ಬಂದಿಲ್ಲ, ಯಾಕೆಂದರೆ ಅಷ್ಟು ಕಡಿಮೆ ಹೊತ್ತಿಗೆ ಅರ್ಧ ದಿನವೂ ಲೆಕ್ಕಕ್ಕೆ ಬರುವುದಿಲ್ಲ. ಹಾಜರಿ ಮಾತ್ರ ಉಳಿದುಬಿಟ್ಟಿದೆ.

ಆ ಒಂದು ದಿನಕ್ಕೆ ಫೈಲ್ ಮತ್ತೆ ನಿಲ್ಲಿಸುವುದು ಬೇಡ ಎಂದು ನಾವೇ ಹೇಳಿದೆವು. ಮೇ 10ಕ್ಕೆ ವಿಧಾನಸಭೆ ಚುನಾವಣೆ, ಆ ವಾರ ಯಾರನ್ನು ಕೇಳಿದರೂ ಎಲೆಕ್ಷನ್ ಮುಗಿಯಲಿ ಎನ್ನುತ್ತಿದ್ದರು. ಮೇ 16ಕ್ಕೆ ಮಂಜೂರಾಯಿತು. ಲೆಕ್ಕ ಹೀಗೆ: ಏಪ್ರಿಲ್‌ನಿಂದ ಜೂನ್‌ವರೆಗೆ ಹಳೇ ಫ್ಯಾಕ್ಟರಿಯಲ್ಲಿ ದಿನಕ್ಕೆ 408 ರೂಪಾಯಿಯಂತೆ 72 ದಿನ, ಜುಲೈನಿಂದ ಸೆಪ್ಟೆಂಬರ್‌ವರೆಗೆ ಹೊಸದರಲ್ಲಿ 443ರಂತೆ 68 ದಿನ. ಒಟ್ಟು 59,500, ಭಾಗಿಸು 140, ದಿನಕ್ಕೆ 425. ಜನವರಿ 2ರಿಂದ ಮೇ 15ರವರೆಗೆ 134 ದಿನ, ಒಂದು ಕಳೆದು 133. ಮೊತ್ತ 56,525. ಭಾನುವಾರವೂ ಸೇರಿ ಎಲ್ಲ ದಿನಕ್ಕೂ ಕೊಡುತ್ತಾರೆ ಎನ್ನುವುದು ನನಗೂ ಆಗಲೇ ಗೊತ್ತಾದದ್ದು. ತಿಂಗಳಿಗೆ 26 ದಿನದ ಲೆಕ್ಕದಲ್ಲೇ ಬದುಕಿದವಳಿಗೆ ಅದು ಹಬ್ಬದ ಬೋನಸ್ ಹಾಗೆ ಕಂಡಿತು.

ಖುಷಿ ಎರಡು ವಾರ. ದುಡ್ಡು ಬರಲಿಲ್ಲ. ಮೇ 29ಕ್ಕೆ ಹೋದರೆ ‘ಪೇಮೆಂಟ್ ರಿಟರ್ನ್ ಆಗಿದೆ’ ಎಂದರು. ಯಾಕೆ? ಅವಳು ಕೆಲಸಕ್ಕೆ ಸೇರುವಾಗ ಕೊಟ್ಟ ಪಾಸ್‌ಬುಕ್ ಹಳೇದು. ಆ ಬ್ಯಾಂಕ್ ಇನ್ನೊಂದರಲ್ಲಿ ವಿಲೀನವಾಗಿತ್ತು. ಖಾತೆ ನಂಬರ್ ಅದೇ, ಐಎಫ್‌ಎಸ್‌ಸಿ ಕೋಡ್ ಬೇರೆ. ನಮ್ಮ ಕರ್ನಾಟಕದಲ್ಲಿ ಈ ತೊಂದರೆ ಮನೆ ಮನೆಯಲ್ಲಿ ಇದೆ. ವಿಜಯಾ ಬ್ಯಾಂಕ್ 2019ರಲ್ಲಿ ಹೋಯಿತು, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ 2020ರಲ್ಲಿ. ಮೂರೂ ಈ ನೆಲದಲ್ಲೇ ಹುಟ್ಟಿದವು. ಹಳೇ ಹೆಸರಿನ ಪಾಸ್‌ಬುಕ್‌ಗಳು ಇನ್ನೂ ದೇವರ ಕೋಣೆಯ ಡಬ್ಬದಲ್ಲಿವೆ. ಸಂಬಳಕ್ಕೆ ಫ್ಯಾಕ್ಟರಿ ಬೇರೆ ಖಾತೆ ತೆರೆಸಿತ್ತು, ಹಾಗಾಗಿ ಹಳೇ ಕೋಡ್ ಸತ್ತಿರುವುದು ಅವಳಿಗೆ ಗೊತ್ತಾಗುವ ಸಂದರ್ಭವೇ ಬರಲಿಲ್ಲ. ಮೊದಲ ದಿನವೇ ಒಂದು ಕ್ಯಾನ್ಸಲ್ ಮಾಡಿದ ಚೆಕ್ ಅಥವಾ ಹೊಸ ಪಾಸ್‌ಬುಕ್‌ನ ಪುಟ ಕೊಟ್ಟಿದ್ದರೆ ನಾಲ್ಕು ವಾರ ಉಳಿಯುತ್ತಿತ್ತು.

ಹೊಸ ಪಾಸ್‌ಬುಕ್ ಮಾಡಿಸಿ ಜೂನ್ 13ಕ್ಕೆ ಕೊಟ್ಟು ಬಂದೆವು. ಎರಡು ದಿನ ಮೊದಲಷ್ಟೇ ಶಕ್ತಿ ಯೋಜನೆ ಶುರುವಾಗಿತ್ತು. ನಾನು, ನಾದಿನಿ ಇಬ್ಬರೂ ಬಿಎಂಟಿಸಿಯಲ್ಲಿ ದುಡ್ಡು ಕೊಡದೆ ಹೋಗಿ ಬಂದೆವು. ‘ಇದನ್ನ ಜನವರಿಯಿಂದಾನೇ ಮಾಡಿದ್ರೆ ಏನಾಗ್ತಿತ್ತು’ ಎಂದಳು, ಮಗುವನ್ನು ಕಿಟಕಿ ಕಡೆ ತಿರುಗಿಸಿಕೊಂಡು. ನಾಲ್ಕು ತಿಂಗಳ ಮಗು, ಟಿಕೆಟ್ ಕೊಡುವ ಮೆಷಿನ್ನಿನ ಸದ್ದಿಗೆ ಕಣ್ಣು ಅಗಲ ಮಾಡುತ್ತಿತ್ತು.

ಜೂನ್ 23ಕ್ಕೆ ದುಡ್ಡು ಬಂತು. ಜುಲೈ 2ಕ್ಕೆ ರಜೆ ಮುಗಿಯಿತು, 3ನೇ ತಾರೀಖು ಸೋಮವಾರ ಕೆಲಸಕ್ಕೆ ಹೋದಳು. ಉಳಿದ 48 ದಿನದ 20,400 ಆಗಸ್ಟ್ 9ಕ್ಕೆ ಬಂತು, ಒಂದೇ ಓಡಾಟಕ್ಕೆ. ಎಲ್ಲ ಕಾಗದ ಸರಿ ಇದ್ದರೆ ಅದೇ ಆಫೀಸು, ಅದೇ ಹುಡುಗ, ಎಷ್ಟು ಸಲೀಸಾಗಿ ಮಾಡುತ್ತಾನೆ ಎಂದು ಅಂದು ನೋಡಿದೆ. ಓಲೆ ಬಿಡಿಸಿಕೊಂಡಳು. ಬಡ್ಡಿಯ ಲೆಕ್ಕ ನನ್ನ ಹತ್ತಿರ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಯಾರಿಗಾದರೂ ಮೂರು ತಿಂಗಳು ಆಯಿತು ಎಂದರೆ ಅವರು ಡಾಕ್ಟರ್ ಹತ್ತಿರ ಹೋಗಿ ಬಂದ ಮೇಲೆ ನನ್ನ ಹತ್ತಿರ ಬರುತ್ತಾರೆ. ನಾನು ಮೊದಲು ಕೇಳುವುದು ‘ಹಿಂದೆ ಬೇರೆ ಕಡೆ ಕೆಲಸ ಮಾಡಿದ್ಯಾ? ನಿಜ ಹೇಳು’ ಎಂದು. ಆಮೇಲೆ ಆಧಾರ್, ಪಾಸ್‌ಬುಕ್, ಇಎಸ್‌ಐ ಮೂರರಲ್ಲೂ ಹೆಸರಿನ ಕಾಗುಣಿತ, ಫೋನ್ ನಂಬರ್. ಅರ್ಧ ಗಂಟೆಯ ಕೆಲಸ. ಮೊನ್ನೆ ಬಂದವಳಿಗೆ ಮೂರು ಇಎಸ್‌ಐ ನಂಬರ್ ಇತ್ತು. ಇನ್ನೂ ಐದು ತಿಂಗಳು ಟೈಮ್ ಇದೆ, ಸೇರಿಸಿಕೊಳ್ಳಬಹುದು.

ಹೆಬ್ಬೆಟ್ಟಿನ ಆ ಒಂದು ದಿನ ಇದೆಯಲ್ಲ, ಜನವರಿ 5. ಅದಕ್ಕೆ ಸಂಬಳ ಕೊಟ್ಟಿಲ್ಲ ಎಂದು ಫ್ಯಾಕ್ಟರಿಯಿಂದ ಕಾಗದ ಬರೆಸಿ ಸೆಪ್ಟೆಂಬರ್‌ನಲ್ಲಿ ಕೊಟ್ಟೆ. ಸೀಲ್ ಹಾಕಿಸಿಕೊಂಡೇ ಕೊಟ್ಟೆ. 425 ರೂಪಾಯಿ. ‘ಹೋಗ್ಲಿ ಬಿಡಿ ಅತ್ತಿಗೆ’ ಅನ್ನುತ್ತಾಳೆ. ನೋಟ್‌ಬುಕ್‌ನಲ್ಲಿ ಆ ಸಾಲಿನ ಮುಂದೆ ಇನ್ನೂ ಟಿಕ್ ಬಿದ್ದಿಲ್ಲ.